ಸೀಸದ ಧೂಳು, ಅಂಬೆಗಾಲು

ಮಾರ್ಚ್ ೧೪, ರಾತ್ರಿ

ಆ ಮಾಲೀಕನ ಮಾತು ಇನ್ನೂ ತಲೆ ಕೊರೆಯುತ್ತಿದೆ. ಸೀಸದ ವಿಷಧೂಳು ಕೆಲಸಗಾರರ ಬಟ್ಟೆಗಂಟಿ ನಮ್ಮ ಮನೆಗಳಿಗೆ ಬರುತ್ತಿದೆ, ಬ್ಯಾಟರಿ ಕಾರ್ಖಾನೆಯೊಳಗೇ ಸ್ನಾನದ ಮನೆ ಕಟ್ಟಿಸಿ ಎಂದು ಬೆಳಿಗ್ಗೆ ಕೇಳಲು ಹೋದರೆ, "ಯಾಕಮ್ಮ, ನಿಮ್ಮನೇಲಿ ನೀರಿಲ್ವಾ?" ಅಂದ. ನೀರಿದೆ ಕಣಯ್ಯಾ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಮಗುವೂ ಇದೆ.

ಸಂಜೆ ಮೊಮ್ಮಗಳು ಮೊದಲ ಸಲ ಅಂಬೆಗಾಲಿಟ್ಟಳು. ಅದೂ ಯಾರ ಕಡೆಗೆ? ಕಾರ್ಖಾನೆಯಿಂದ ಆಗಷ್ಟೇ ಬಾಗಿಲಿಗೆ ಬಂದ ಅಪ್ಪನ ಕಡೆಗೆ. ನನ್ನ ಮಗ ಲಾಠಿ ಕಂಡವನಂತೆ ಎರಡೂ ಕೈ ಮೇಲೆತ್ತಿ ಬೀದಿಗೆ ಹಾರಿದ.

"ಅಮ್ಮಾ, ಎತ್ಕೋ ಅವಳ್ನ! ನನ್ನ ಮುಟ್ಟಿದ ಕೈ ಸೀದಾ ಬಾಯಿಗೆ ಹೋಗುತ್ತೆ!"

"ಮೊದಲ್ನೇ ಸಲ ಕಣೋ, ನೋಡಾದ್ರೂ ನೋಡು!"

"ನೋಡ್ತಾನೇ ಇದ್ದೀನಿ" ಅಂದ. ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಮುಖಕ್ಕೆ ತರಲಿಲ್ಲ.

ಅವನು ಬಚ್ಚಲಿಗೆ ಹೋದ ಮೇಲೆ, ಅವನು ತುಳಿದ ನೆಲವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ತಲೆಗೂದಲು ತೊಳೆದು, ಬೇರೆ ಬಟ್ಟೆ ತೊಟ್ಟು ಬಂದವನೇ ನೆಲದ ಮೇಲೆ ಬೋರಲಾಗಿ ಮಲಗಿ ಕೈ ಚಾಚಿದ. "ಬಾರಮ್ಮ ಲೀಡರು, ಈಗ ಬಾ."

ಬಂದಳು! ಒಮ್ಮೆ ಓಡಿಹೋದ ಅಪ್ಪನ ಕಡೆಗೇ, ಚೂರೂ ಮುನಿಸಿಲ್ಲದೆ, ಮತ್ತೆ ಮೊದಲಿಂದ. ಎಷ್ಟು ಹೋರಾಟದ ಮೆರವಣಿಗೆ ಕಂಡಿದ್ದೇನೆ ನಾನು, ಮೈ ಹೀಗೆ ಜುಮ್ಮೆಂದಿರಲಿಲ್ಲ. ಆ ಪುಟ್ಟ ಮಂಡಿಗಳಿಗೆ ಎಂಥ ನಂಬಿಕೆ! ಈಗ ಅಪ್ಪನ ಎದೆಯ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾಳೆ.

ನಾಳೆ ಕಾರ್ಖಾನೆಯ ಗೇಟಿಗೆ ನಾನೊಬ್ಬಳೇ ಹೋಗುವುದಿಲ್ಲ. ಬೀದಿಯ ತಾಯಂದಿರನ್ನೆಲ್ಲ ಎಬ್ಬಿಸಿ, ಕಂಕುಳಲ್ಲಿ ಒಂದೊಂದು ಮಗು... ಬೇಡ, ಮಕ್ಕಳನ್ನು ಆ ಧೂಳಿನ ಹತ್ತಿರ ಹೇಗೆ ಒಯ್ಯಲಿ? ತಾಯಂದಿರಷ್ಟೇ ಸಾಕು.