ಹಿಡಿದಿದ್ದೆಷ್ಟು, ಬಿಟ್ಟಿದ್ದೆಷ್ಟು

ಸಪ್ಪೊರೊ, ಜಪಾನ್

ಅಣ್ಣಯ್ಯಾ,

ಜಪಾನಿನ ಕಾರ್ಡು ಎಂದು ಗಾಬರಿಯಾಗಬೇಡ, ಚೆನ್ನಾಗಿದ್ದೇನೆ. ನಮ್ಮ ಹಾಲಿನ ಸಂಘದವರಿಗೆ ಡೈರಿ ತೋರಿಸಲು ಕರೆತಂದವರು ನಿನ್ನೆ ಬೇಸ್‌ಬಾಲ್ ಆಟಕ್ಕೂ ಕರೆದೊಯ್ದರು. ಬಲಗಡೆ, ದೂರದ ಬೇಲಿಯ ಹತ್ತಿರ ನಿಲ್ಲುವ ಆಟಗಾರನೊಬ್ಬನಿಗೆ ಅದು ಕೊನೆಯ ಪಂದ್ಯ. ಕ್ರಿಕೆಟ್ಟಿನಲ್ಲಿ ನಿನ್ನನ್ನು ನಿಲ್ಲಿಸುತ್ತಿದ್ದಂಥದೇ ಜಾಗ. ಆಟ ಮುಗಿದ ಮೇಲೆ ದೊಡ್ಡ ಪರದೆಯಲ್ಲಿ ಅವನ ಹದಿನೆಂಟು ವರ್ಷದ ಲೆಕ್ಕ ಬಂತು, ಗೈಡ್ ಓದಿ ಹೇಳಿದ. ಹಿಡಿದಿದ್ದು ಮೂರು ಸಾವಿರದ ನೂರಾ ನಾಲ್ಕು, ಅಲ್ಲಿಂದಲೇ ಎಸೆದು ಔಟ್ ಮಾಡಿಸಿದ್ದು ನೂರಾ ಇಪ್ಪತ್ತೊಂದು, ಕೈಬಿಟ್ಟಿದ್ದು ಐವತ್ತೆಂಟು.

"ಅಯ್ಯೋ, ಬುಟ್ಟಿದ್ದನ್ನೂ ಬರ್ದು ಮಾನ ಕಳೀತಾವ್ರಲ್ಲವ್ವ!" ಎಂದರು ನಮ್ಮ ಜೊತೆ ಬಂದಿರುವ ಪಾಂಡವಪುರದ ರಾಜಮ್ಮಕ್ಕ. ಆದರೆ ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಟೋಪಿ ತೆಗೆದು ತಲೆ ಬಾಗಿಸಿದ. ನನಗೆ ಕಣ್ಣು ತುಂಬಿತು.

ಮಾಕವಳ್ಳಿಯವರ ಎದುರು ಫೈನಲ್‌ನಲ್ಲಿ ನೀನು ಒಂದು ಕ್ಯಾಚ್ ಬಿಟ್ಟು ಇಪ್ಪತ್ತು ವರ್ಷವಾಯಿತು. ನಮ್ಮೂರು ಶೀಳನೆರೆಯಲ್ಲಿ ಇವತ್ತಿಗೂ ನಿನಗೆ ಟೀ ಲೋಟ ಕೊಡುವಾಗ "ಇದ್ನಾದ್ರೂ ಸರ್ಯಾಗಿ ಇಡ್ಕಳ್ಲಾ ಬೋರ" ಅನ್ನುತ್ತಾರೆ. ಆ ಟೂರ್ನಿಯ ಸ್ಕೋರ್ ಬರೆದವಳು ನಾನೇ. ನೀನು ಹಿಡಿದಿದ್ದು ಹನ್ನೊಂದು, ಬಿಟ್ಟಿದ್ದು ಒಂದೇ ಒಂದು.

ಮಂಡಿ ನೋವು ಕಮ್ಮಿಯಿದೆ. ಚಟ್ನಿಪುಡಿ ಇನ್ನೆರಡು ದಿನಕ್ಕೆ ಸಾಕು.

ಕವರಿಗೆ ಹಾಕದೆ ಬೇಕಂತಲೇ ಕಾರ್ಡಿನಲ್ಲಿ ಬರೆದೆ. ಪೋಸ್ಟ್ ಶಿವಲಿಂಗಣ್ಣ ಟೀ ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳದೆ ಯಾವ ಕಾರ್ಡನ್ನೂ ಮನೆಗೆ ಮುಟ್ಟಿಸಿದವನಲ್ಲ. ಬಸ್ಸು ಬಂತು.

ನಿನ್ನ ತಂಗಿ ಪ್ರಮೀಳ

ಶಿವಲಿಂಗಣ್ಣ, ಆ ಹನ್ನೊಂದು ಅನ್ನೋದ್ನ ಇನ್ನೊಂದ್ಸಲ ಜೋರಾಗಿ ಓದಣ್ಣ.