ರೇಡಿಯೋ ಬೇಡ, ಅಪ್ಪಾ

ಕುರ್ಲಾ, ಮುಂಬಯಿ
ಮಂಗಳವಾರ, ೮ ಫೆಬ್ರುವರಿ ೧೯೫೫

ಪ್ರೀತಿಯ ಅಪ್ಪಾ,

ನಾನು ಒಂದು ಸಿಮೆಂಟು ಕಂಪನಿಯ ಒಡತಿಯಾದೆ! ಪೂರ್ತಿ ಕಂಪನಿಗಲ್ಲ, ಐದೇ ಐದು ಶೇರಿನಷ್ಟು. ಆದರೆ ಐದೂ ನನ್ನ ಹೆಸರಿನಲ್ಲಿ, ಮದುವೆಯ ಆಹೇರಿನಲ್ಲಿ ಬಂದ ನನ್ನದೇ ದುಡ್ಡಿನಲ್ಲಿ! ಕ್ಷೇಮ ಕೇಳುವ ಮೊದಲೇ ಸುದ್ದಿ ಹೇಳಿದಳೆಂದು ಬೈಯಬೇಡಿ, ಈಗ ಕೇಳುತ್ತೇನೆ. ನಿಮ್ಮ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತೀರೋ, ಇಲ್ಲ ಅವ್ವ ಬಟ್ಟಲು ಹಿಡಿದು ಬಂದ ಕೂಡಲೇ ಪೇಪರಿನ ಹಿಂದೆ ಅಡಗುತ್ತೀರೋ? ಅವ್ವನ ಕೆಮ್ಮು ನಿಂತಿತೇ? ನಾವಿಲ್ಲಿ ಆರಾಮ. ನನಗೀಗ ಲೋಕಲ್ ಹತ್ತಲು ಬರುತ್ತದೆ. ಇಳಿಯಲು ಮಾತ್ರ ಹಿಂದಿನವರು ಇನ್ನೂ ನೂಕಬೇಕು.

ಶೇರು ಕೊಂಡ ಕಥೆ ಕೇಳಿ. ಹೋದ ಗುರುವಾರ ಇವರು ಅರ್ಧ ದಿನ ರಜೆ ಹಾಕಿ ನನ್ನನ್ನು ಫೋರ್ಟಿನ ದಲಾಲರ ಆಫೀಸಿಗೆ ಕರೆದೊಯ್ದರು. ಅಲ್ಲಿಯ ಮುದುಕ ಕ್ಲಾರ್ಕು ಸಿದ್ದಲಿಂಗಪ್ಪನವರು ನಮ್ಮ ಕಡೆಯವರೇ. ನನ್ನ ಹೆಸರು, ವಿಳಾಸ, ವಿದ್ಯಾಭ್ಯಾಸ ಎಲ್ಲವನ್ನೂ ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದೆ. ಕಾನ್ವೆಂಟಿನ ಸಿಸ್ಟರುಗಳು ಕೇಳಿದ್ದರೆ ಕುಣಿದುಬಿಡುತ್ತಿದ್ದರು. ಆಮೇಲೆ ಅವರು ‘ಗಂಡನ ಹೆಸರು?’ ಎಂದರು ನೋಡಿ, ಬಾಯಿಗೆ ಬೀಗ! ಹೆಂಗಸರ ಹಕ್ಕಿನ ಮೇಲೆ ಭಾಷಣ ಮಾಡಿ ಬಹುಮಾನ ಗೆದ್ದವಳು ನಾನೇ ಏನು? ಬರೆದುಕೊಡುತ್ತೇನೆ ಎಂದೆ. ಅವರು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, “ಬರದ್ರ ನಡ್ಯೂದಿಲ್ಲ ತಂಗಿ. ಬಿಜಾಪುರದಾಂವ ನಾ, ಒಡಪು ಕೇಳಿ ಭಾಳ ದಿನ ಆತು. ಪ್ರಾಸ ಹಚ್ಚಿ ಗಂಡನ ಹೆಸರು ಹೇಳು, ಇಲ್ಲಾಂದ್ರ ಫಾರಂ ಮುಂದ ಹೋಗೂದಿಲ್ಲ” ಎಂದರು. ಇಡೀ ಆಫೀಸು ಕತ್ತೆತ್ತಿ ನೋಡುತ್ತಿತ್ತು. ಇವರು ಕಿವಿ ಕೆಂಪು ಮಾಡಿಕೊಂಡು ಗೋಡೆಯ ದರಪಟ್ಟಿ ಓದತೊಡಗಿದರು. ನಾನು ಕಣ್ಣು ಮುಚ್ಚಿ ಹೇಳಿಯೇ ಬಿಟ್ಟೆ: “ಫೋರ್ಟಿನಾಗ ಗಡಿಯಾರ, ಕುರ್ಲಾದಾಗ ಗಾಡಿ, ಚನ್ನಬಸಯ್ಯನವರ ಜೋಡಿ ಶೇರು ತಗೊಂಡೆ ನೋಡಿ!” ಗುಜರಾತಿ ದಲಾಲರೂ ಅರ್ಥವಾಗದೆ ಚಪ್ಪಾಳೆ ತಟ್ಟಿದರು.

ಸಿಮೆಂಟೇ ಏಕೆ ಎನ್ನುತ್ತೀರಾ? ಲೋಕಲಿನ ಕಿಟಕಿಯಿಂದ ಎತ್ತ ನೋಡಿದರೂ ಬಿಲ್ಡಿಂಗುಗಳು ಏಳುತ್ತಿವೆ, ಸಿಮೆಂಟು ಕೊಳ್ಳದೆ ಕಟ್ಟುತ್ತಾರೆಯೇ? ಆಹೇರಿನ ದುಡ್ಡು ನನ್ನದೆಂದು ಒಮ್ಮೆಗೇ ಐದು ಕೊಂಡೆ; ಸಂಬಳದ ದುಡ್ಡಿಗೆ ಇವರ ನಿಯಮ ಸರಳ. ಮೊದಲು ಆರು ತಿಂಗಳ ಮನೆ ಖರ್ಚು ಪೋಸ್ಟಾಫೀಸಿನಲ್ಲಿರಬೇಕು. ಅದರ ಮೇಲೆ ಉಳಿದದ್ದರಲ್ಲಿ ಮೂರು ತಿಂಗಳಿಗೊಮ್ಮೆ ಒಂದೋ ಎರಡೋ ಶೇರು, ಅದೂ ಬೇರೆ ಬೇರೆ ಕಂಪನಿಯದು. ಕೊಂಡ ಮೇಲೆ ದಿನಾ ದರ ನೋಡಿ ಕೊರಗಬಾರದು. ನಾನಂತೂ ದಿನಾ ನೋಡುತ್ತೇನೆ, ಕೊರಗುವುದಿಲ್ಲ ಅಷ್ಟೆ. ನಿನ್ನೆ ನಾಲ್ಕಾಣೆ ಇಳಿದಿತ್ತು.

ಅಪ್ಪಾ, ಇನ್ನು ಮುಂದಿನದನ್ನು ಜೋರಾಗಿ ಓದಬೇಡಿ, ಅವ್ವ ಕೇಳಿಸಿಕೊಂಡಾಳು.

ನಿಮ್ಮ ಕಾಗದ ಶನಿವಾರ ಬಂತು. ಪರಪ್ಪ ಕಾಕಾನ ಮಾತು ಕೇಳಿ, ನಿವೃತ್ತಿಯ ಹಣದಲ್ಲಿ ಎಂಟು ನೂರು ರೂಪಾಯಿ ಶೇರುಪೇಟೆಯ ತೇಜಿಗೆ ಹಾಕುತ್ತೀರಂತೆ. ಬಜೆಟ್ಟಿಗೆ ದರ ಏರಿ ಹಣ ಮೂರು ಪಟ್ಟಾದರೆ, ಮದುವೆಯಲ್ಲಿ ಒಪ್ಪಿಕೊಂಡ ರೇಡಿಯೋವನ್ನು ಅಳಿಯನಿಗೆ ಕಳಿಸುತ್ತೀರಂತೆ. ಓದಿ ನನಗೆ ಊಟ ಇಳಿಯಲಿಲ್ಲ. ಆ ರೇಡಿಯೋ ಇನ್ನೂ ನಿಮ್ಮನ್ನು ಕೊರೆಯುತ್ತಿದೆಯೇ? ನಮಗೆ ರೇಡಿಯೋ ಏತಕ್ಕೆ? ಗೋಡೆಯಾಚೆ ಉಡುಪಿಯ ರಾಜೀವಿ ಅಕ್ಕನದಿದೆ. ಲೈಸೆನ್ಸಿನ ದುಡ್ಡು ಅವರದು, ಹಾಡು ನಮ್ಮದು.

ತೇಜಿಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಹೋಗುವುದಿಲ್ಲವೆಂದು ಕಾಕಾ ಹೇಳಿದ್ದು ಸುಳ್ಳಲ್ಲ. ಆದರೆ ಕೊಟ್ಟದ್ದಷ್ಟೂ ಹೋಗಬಹುದು, ಅದನ್ನು ಅವರು ಹೇಳಿದರೇ? ತೇಜಿ ಕೊಂಡರೆ ಶೇರು ನಿಮ್ಮದಾಗುವುದಿಲ್ಲ, ಇಂಥ ದಿನದೊಳಗೆ ಇಂಥ ದರಕ್ಕೆ ಕೊಳ್ಳುವ ಹಕ್ಕಷ್ಟೇ ನಿಮ್ಮದು. ಅಷ್ಟರೊಳಗೆ ದರ ಏರಬೇಕು, ಏರಿದ್ದು ನೀವು ಕೊಟ್ಟ ಹಣವನ್ನೂ ದಾಟಬೇಕು. ಇದನ್ನು ನನಗೆ ಹೇಳಿಕೊಟ್ಟವರು ನಿಮ್ಮ ಅಳಿಯನೇ. ಮದುವೆಗೆ ಮೊದಲು ಎರಡು ಸಲ ತೇಜಿ ಹಾಕಿದ್ದರು. ಎರಡು ಸಲವೂ ದರ ಏರುತ್ತದೆಂಬ ಅವರ ಅಂದಾಜು ಸರಿಯಾಗಿತ್ತು, ಕೇಳಿ! ಮೊದಲ ಸಲ ಏರಿದ್ದು ಸಾಲಲಿಲ್ಲ. ಎರಡನೆಯ ಸಲ ಚೆನ್ನಾಗಿಯೇ ಏರಿತು, ಗಡುವು ಮುಗಿದ ಒಂಬತ್ತು ದಿನದ ಮೇಲೆ. ಶೇರೇ ಕೊಂಡಿದ್ದರೆ ಅದು ಇವರ ಜೊತೆ ಕುಳಿತು ಕಾಯುತ್ತಿತ್ತು. ಮದುವೆಯಲ್ಲಿ ಇವರ ಮೈಮೇಲೆ ಕೋಟು ಜೋತಾಡುತ್ತಿದೆಯೆಂದು ಅವ್ವ ನಕ್ಕಳಲ್ಲ, ಅದು ಇವರ ಅಣ್ಣನ ಕೋಟು. ಹೊಲಿಸಬೇಕಿದ್ದ ದುಡ್ಡು ಅಲ್ಲಿ ಹೋಗಿತ್ತು.

ಇದನ್ನು ತವರಿಗೆ ತಿಳಿಸುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ. ನಿಮ್ಮ ಕಾಗದ ಬಂದಂದಿನಿಂದ ಬರೆಯಲೋ ಬೇಡವೋ ಎಂದು ಒದ್ದಾಡಿದೆ. ಇವತ್ತು ಬೆಳಿಗ್ಗೆ ಕಾಗದವನ್ನು ಇವರ ಕೈಗೇ ಇಟ್ಟೆ. ಎರಡು ಸಲ ಓದಿದರು. ಚಹ ಆರಿಹೋಯಿತು. ಆಮೇಲೆ, “ಬರಿ, ಏನೂ ಮುಚ್ಚಬ್ಯಾಡ. ಮಾವನವರ ಮುಂದ ನನ್ನ ಮಾನ ಹೋದ್ರ ಹೋಗ್ಲಿ, ಅವರ ರೊಕ್ಕ ಉಳೀಲಿ” ಎಂದು ಟಿಫಿನ್ ಡಬ್ಬಿಯನ್ನೂ ಮರೆತು ಸ್ಟೇಷನ್ನಿಗೆ ನಡೆದರು. ಅಪ್ಪಾ, ಇಂಥವರನ್ನು ಹುಡುಕಿ ಕೊಟ್ಟಿರಿ ನೀವು. ಇನ್ನು ಕೊಡಬೇಕಾದದ್ದು ಏನು ಉಳಿದಿದೆ ಹೇಳಿ? ಆ ಎಂಟು ನೂರು ನಿಮ್ಮ ಮತ್ತು ಅವ್ವನ ಔಷಧದ ಹಣ. ಅದು ಪೋಸ್ಟಾಫೀಸು ಬಿಟ್ಟು ಕದಲಬಾರದು, ನನ್ನ ಸಿಮೆಂಟಿಗೂ ಬೇಡ.

ಅವ್ವನಿಗೆ ಸಿಮೆಂಟಿನ ಸುದ್ದಿ ಮಾತ್ರ ಹೇಳಿ, ಒಡಪನ್ನು ಎರಡು ಸಲ ಓದಿ. ನಿಮ್ಮಿಬ್ಬರ ಪಾದಗಳಿಗೆ ನಮ್ಮಿಬ್ಬರ ಶರಣು.

ನಿಮ್ಮ ಮುದ್ದಿನ,
ನೀಲಾ

ತಾ.ಕ.: ಲಕೋಟೆ ಅಂಟಿಸುವಾಗ ನಿಮ್ಮ ಕಾಗದ ಮತ್ತೆ ನೋಡಿದೆ. ಪರಪ್ಪ ಕಾಕಾ ಹಣಕ್ಕೆ ಬರುವುದು ಸೋಮವಾರ ಬೆಳಿಗ್ಗೆ ಎಂದಿದೆ! ನಿಮ್ಮದು ಮೆತ್ತನೆಯ ಮನಸ್ಸು; ಅವರು ಎದುರಿಗೆ ಕುಳಿತು ಎರಡು ಮಾತಾಡಿದರೆ ‘ಇಲ್ಲ’ ಎನ್ನುವುದು ನಿಮ್ಮಿಂದಾಗದು. ನನ್ನಿಂದ ಆಗುತ್ತದೆ. ಶಿವರಾತ್ರಿಗೆ ಬರಬೇಕಿದ್ದವಳು ಒಂದು ವಾರ ಮೊದಲೇ ಹೊರಟಿದ್ದೇನೆ, ಇವರು ಪುಣೆಯವರೆಗೆ ಬಂದು ಗಾಡಿ ಹತ್ತಿಸುತ್ತಾರೆ. ಪಾಸ್‌ಬುಕ್ಕನ್ನು ಯಾರ ಕೈಗೂ ಕೊಡದೆ ನನಗಾಗಿ ತೆಗೆದಿಡಿ. ರವಿವಾರ, ಹದಿಮೂರನೇ ತಾರೀಖು ಬೆಳಿಗ್ಗೆ, ಪುಣೆ–ಬೆಂಗಳೂರು ಮೇಲಿನಲ್ಲಿ ಬಂದಿಳಿಯುತ್ತೇನೆ.