ನಡೆಯುವ ಶೀತಲ

ರೀ,
ಉಗರಗೋಳಕ್ಕ ಅವ್ವನ ಮನಿಗೆ ಹೊಂಟೇನಿ, ಸಂಜೀಕ ಬರತೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ಉಣ್ಣದ ಕಂಪ್ಯೂಟರ್ ಮುಂದ ಕೂಡಬ್ಯಾಡ್ರಿ.

ನೀವು ಜಳಕಕ್ಕ ಹೋದಾಗ ಅದರಾಗ ನೀವು ಮಾಡಿದ ಗೊಂಬ್ಯಾಗ ನಮ್ಮ ಶೀತಲನ್ನ ನೋಡಿದೆ. ಮಾರಿ, ಜಡಿ ಎಲ್ಲಾ ಆಕೀದ. ಆಕಿ ನೆಗ್ಗಿದ ತಾಟು ಸುದ್ದಾ ಮಾಡೀರಿ. ಆದರ ಗೊಂಬಿ ಅಲುಗಾಡಸಾಕ ಕಂಪ್ಯೂಟರ್‌ನ್ಯಾಗ ಹಾಕತೀರಲ್ಲ, ಆ ಎಲುಬು ಕಾಲಿಗೆ ಕೂಡಿಸಿ ಆಕೀನ್ನ ನಡಸೀರಿ. ಸಾಯೂತನಕ ಒಂದು ಹೆಜ್ಜಿ ಇಡಲಿಲ್ಲ ನನ್ನ ಕೂಸು. ನಿಮ್ಮ ಸಂಕಟ ಗೊತ್ತೈತಿ. ಆದರ ಆ ನಡಿಯೋ ಹುಡುಗಿ ನನಗ ಗುರುತು ಹತ್ತಲಿಲ್ಲ.

ಕಾಲು ಹಂಗ ಬಿಡ್ರಿ, ಎಲುಬು ಕೈಗೆ ಕೂಡಸ್ರಿ. ಅಂಗೈ ಊರಿ ತೆವಳಿಕೋತ ಹೊಸ್ತಿಲಕ್ಕ ಬಂದು, "ಅವ್ವಾ, ಎತ್ತಿಕೋ" ಅಂತಿದ್ದಳಲ್ಲ, ಹಂಗ ಬರಲಿ. ಎತ್ತಿಕೊಳ್ಳಾಕ ಆಗೂದಿಲ್ಲ, ಖರೆ. ಗುರುತಾದರೂ ಹತ್ತಲಿ.

ಮಾಲಾ